ಬಾಡಿಗೆ ಏರಿಕೆ: ಹಕ್ಕು ಎಲ್ಲಿಯವರೆಗೆ, ಅನ್ಯಾಯ ಎಲ್ಲಿಂದ?



ವುಝೂ ಮಾಡುವಾಗ ಹಿಮ್ಮಡಿಯಲ್ಲಿ ಕಾಸಿನಗಲ ಜಾಗ ಒಣಗಿ ಉಳಿದರೆ ನಮಗೆ ಸಮಾಧಾನವಿರುವುದಿಲ್ಲ. ಮತ್ತೆ ನಲ್ಲಿಯ ಬಳಿ ಹೋಗುತ್ತೇವೆ. ಉಪವಾಸದಲ್ಲಿ ಸಂಶಯ ಬಂದರೆ ಇಮಾಮ್ ಸಾಹೇಬರನ್ನು ಹುಡುಕಿಕೊಂಡು ಹೋಗಿ ಕೇಳುತ್ತೇವೆ. ಇದು ಒಳ್ಳೆಯದೇ. ಆದರೆ ತಿಂಗಳ ಮೊದಲ ವಾರ ಕೈಯಿಂದ ಕೈಗೆ ದಾಟುವ ಬಾಡಿಗೆ ಹಣದ ಬಗ್ಗೆ ಇದೇ ಎಚ್ಚರ ನಮ್ಮಲ್ಲಿ ಇದೆಯೇ? ಮನೆಯ ಮಾಲೀಕ, “ಮನಿ ನಂದು, ಬಾಡಿಗಿ ನಾ ಹೇಳಿದಷ್ಟು” ಎನ್ನುತ್ತಾನೆ. ಬಾಡಿಗೆದಾರ, “ಹದಿನೈದು ವರ್ಷದಿಂದ ಇದೀವಿ, ನಮ್ಮನ್ನ ಯಾರು ಬಿಡಸ್ತಾರ ನೋಡೋಣ” ಎನ್ನುತ್ತಾನೆ. ಇಬ್ಬರೂ ಶುಕ್ರವಾರ ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಹೊರಗೆ ಬಂದ ಮೇಲೆ ಮಾತಿಲ್ಲ, ಕತೆಯಿಲ್ಲ.

ಬಾಡಿಗೆ ಏರಿಸುವುದು ಹರಾಮೇ? ಎಷ್ಟು ಏರಿಸಬಹುದು? ಯಾವಾಗ ಏರಿಸಬಹುದು? ಏರಿಸಲೇಬೇಕಾದ ಸಂದರ್ಭ ಇದೆಯೇ? ಇಳಿಸಲೇಬೇಕಾದ ಸಂದರ್ಭ ಯಾವುದು? ಈ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ನಮ್ಮ ಕಣ್ಣೆದುರಿನ ಒಂದು ಊರು

ಗಂಗಾವತಿ ತಾಲೂಕಿನ ವಿರೂಪಾಪುರಗಡ್ಡೆ ತುಂಗಭದ್ರೆಯ ಕವಲುಗಳ ನಡುವೆ ಇರುವ ನಡುಗಡ್ಡೆ. ಹೊಳೆಯ ಆಚೆ ದಂಡೆಯಲ್ಲಿ ಹಂಪಿಯ ಗೋಪುರ ಕಾಣುತ್ತದೆ. ಈಚೆ ಭತ್ತದ ಗದ್ದೆ, ಬಂಡೆಗಳ ಗುಡ್ಡ. ಯುನೆಸ್ಕೋ ಸಂಸ್ಥೆ 1986ರಲ್ಲಿ ಹಂಪಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ದೇಶ ವಿದೇಶಗಳ ಪ್ರವಾಸಿಗರು ಹೆಚ್ಚಿದರು. ದೋಣಿ ದಾಟಿದರೆ ಸಿಗುವ ಈ ಗಡ್ಡೆಯಲ್ಲಿ ಕ್ರಮೇಣ ಗೆಸ್ಟ್‌ಹೌಸ್‌ಗಳು, ಹೋಟೆಲ್‌ಗಳು ಎದ್ದವು. ಭತ್ತ ಬೆಳೆಯುತ್ತಿದ್ದ ನೆಲಕ್ಕೆ ಬಾಡಿಗೆಯ ಬೆಲೆ ಬಂತು.

ಆದರೆ ಆ ಪ್ರದೇಶವನ್ನು ರಾಜ್ಯ ಸರಕಾರ 1988ರಲ್ಲೇ ಸಂರಕ್ಷಿತ ಪ್ರದೇಶವೆಂದು ಅಧಿಸೂಚನೆಯಲ್ಲಿ ಸೇರಿಸಿತ್ತು. ಅಲ್ಲಿ ಎದ್ದ ಕಟ್ಟಡಗಳ ಬಗ್ಗೆ ವ್ಯಾಜ್ಯ ನಡೆಯಿತು. 2015ರಲ್ಲಿ ಹೈಕೋರ್ಟು ಮಾಲೀಕರ ವಿರುದ್ಧ ತೀರ್ಪು ಕೊಟ್ಟಿತು. 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ಜೆಸಿಬಿ ಯಂತ್ರಗಳು ಬಂದು ಕಟ್ಟಡಗಳನ್ನು ನೆಲಸಮ ಮಾಡಿದವು. ಅದೇ ತಿಂಗಳ ಕೊನೆಗೆ ಕೊರೊನಾ ಲಾಕ್‌ಡೌನ್ ಬಂತು.

ಯಾರು ಸರಿ ಯಾರು ತಪ್ಪು ಎಂಬ ವ್ಯಾಜ್ಯವನ್ನು ನ್ಯಾಯಾಲಯ ತೀರ್ಮಾನಿಸಿದೆ. ಅದು ನಮ್ಮ ವಿಷಯವಲ್ಲ. ನಮಗೆ ಬೇಕಾದ ಪಾಠ ಬೇರೆ. ಬಾಡಿಗೆ ಎಂಬುದು ಎಷ್ಟು ಬೇಗ ಏರುತ್ತದೆ, ಎಷ್ಟು ಬೇಗ ಇಲ್ಲವಾಗುತ್ತದೆ ಎಂಬುದನ್ನು ಆ ಗಡ್ಡೆ ತೋರಿಸಿತು. ಕೆಲವೇ ವಾರಗಳ ಅಂತರದಲ್ಲಿ ಕಟ್ಟಡವೂ ಹೋಯಿತು, ಬರುವ ಪ್ರವಾಸಿಗನೂ ನಿಂತ. ಹಣ ಏರುವಾಗ ಮಾಡಿದ ಮಾತು, ಕೊಟ್ಟ ಮುಂಗಡ, ಬರೆದ ಕರಾರು ಇವೆಲ್ಲ ನ್ಯಾಯವಾಗಿದ್ದರೆ ಮಾತ್ರ ಇಂಥ ದಿನ ಬಂದಾಗ ಮನುಷ್ಯ ತಲೆ ಎತ್ತಿ ನಿಲ್ಲಬಲ್ಲ.

ಬಾಡಿಗೆ ಎಂದರೆ ಏನನ್ನು ಮಾರುತ್ತೇವೆ?

ಶರೀಅತ್‌ನಲ್ಲಿ ಬಾಡಿಗೆಗೆ ‘ಇಜಾರಾ’ ಎನ್ನುತ್ತಾರೆ. ಇಜಾರಾ ಎಂದರೆ ಒಂದು ವಸ್ತುವಿನ ‘ಮನ್‌ಫಅತ್’ ಅಂದರೆ ಪ್ರಯೋಜನವನ್ನು ಮಾರುವುದು. ಮನೆ ಮಾಲೀಕನದಾಗಿಯೇ ಉಳಿಯುತ್ತದೆ. ಆದರೆ ಒಪ್ಪಿದ ಅವಧಿಯವರೆಗೆ ಅದರಲ್ಲಿ ವಾಸಿಸುವ ಪ್ರಯೋಜನ ಬಾಡಿಗೆದಾರನ ಸೊತ್ತು. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅರ್ಧ ಜಗಳ ಮುಗಿಯುತ್ತದೆ. “ಮನೆ ನನ್ನದು” ಎಂಬ ಮಾಲೀಕನ ಮಾತು ನಿಜ. ಆದರೆ ಈ ಹನ್ನೊಂದು ತಿಂಗಳ ವಾಸ ಅವನದಲ್ಲ. ಅದನ್ನು ಅವನು ಮಾರಿಬಿಟ್ಟಿದ್ದಾನೆ. ಸಂತೆಯಲ್ಲಿ ಒಂದು ಚೀಲ ಅಕ್ಕಿ ಮಾರಿ, ಗಿರಾಕಿ ಮನೆ ಮುಟ್ಟುವ ಮೊದಲು ಹಿಂದಿನಿಂದ ಓಡಿ ಹೋಗಿ “ಈಗ ರೇಟು ಏರಿದೆ, ಇನ್ನೂ ನೂರು ಕೊಡು” ಎಂದು ಕೇಳುತ್ತೇವೆಯೇ? ಇಲ್ಲ. ಅವಧಿಯ ನಡುವೆ ಬಾಡಿಗೆ ಏರಿಸುವುದೂ ಅಂಥದ್ದೇ.

ಆದ್ದರಿಂದ ಇಜಾರಾ ಸಿಂಧುವಾಗಲು ಎರಡು ಸಂಗತಿಗಳು ಸ್ಪಷ್ಟವಾಗಿರಬೇಕು: ಬಾಡಿಗೆ ಎಷ್ಟು, ಅವಧಿ ಎಷ್ಟು. “ಇರ್ರಿ, ಆಮೇಲೆ ನೋಡಿದರಾಯ್ತು” ಎಂಬ ಮಾತಿನಿಂದ ಶುರುವಾದ ಬಾಡಿಗೆ ಸಾಮಾನ್ಯವಾಗಿ ಜಗಳದಲ್ಲಿ ಮುಗಿಯುತ್ತದೆ.

ಮದ್‌ಯನ್‌ನ ಹಿರಿಯರ ಮಾತು

ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಹಝ್ರತ್ ಮೂಸಾ(ಅ) ಮದ್‌ಯನ್‌ಗೆ ಬಂದ ಘಟನೆ ಇದೆ. ಆಗ ಅವರ ಕೈಯಲ್ಲಿ ಕಾಸಿರಲಿಲ್ಲ, ತಲೆಯ ಮೇಲೆ ಸೂರಿರಲಿಲ್ಲ. ಬೆನ್ನ ಹಿಂದೆ ಫಿರ್‌ಔನನ ಜನರ ಭಯವಿತ್ತು. ಅಲ್ಲಿನ ಹಿರಿಯರೊಬ್ಬರು ಅವರಿಗೆ ಆಶ್ರಯ ಕೊಟ್ಟು, ತಮ್ಮ ಮಗಳನ್ನು ಮದುವೆ ಮಾಡಿಕೊಡುವ ಮಾತಾಡಿ, ಎಂಟು ವರ್ಷ ತಮ್ಮಲ್ಲಿ ದುಡಿಯುವ ಕರಾರು ಮಾಡಿದರು. ಹತ್ತು ವರ್ಷ ಪೂರ್ತಿ ಮಾಡಿದರೆ ಅದು ನಿನ್ನ ಇಚ್ಛೆ ಎಂದರು. ನಿನ್ನನ್ನು ಕಷ್ಟಕ್ಕೆ ಗುರಿ ಮಾಡುವ ಉದ್ದೇಶ ನನಗಿಲ್ಲ ಎಂದೂ ತಿಳಿಸಿದರು.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಿ. ಮೊದಲನೆಯದು, ಅವಧಿ ಗೊತ್ತುಪಡಿಸಿದ್ದು. ಎರಡನೆಯದು, ಅವಧಿಗಿಂತ ಹೆಚ್ಚಿನದ್ದನ್ನು ಎದುರಿನವನ ಇಚ್ಛೆಗೆ ಬಿಟ್ಟದ್ದು. ಮೂರನೆಯದು, ಮೇಲುಗೈ ತಮ್ಮದೇ ಆಗಿದ್ದರೂ ಅದನ್ನು ಬಳಸದೆ ಹೋದದ್ದು. ಊರು ಬಿಟ್ಟು ಬಂದ ಒಬ್ಬಂಟಿಗನಿಂದ ಆ ಹಿರಿಯರು ಹದಿನೈದು ವರ್ಷದ ದುಡಿಮೆ ಕೇಳಿದ್ದರೂ ಮೂಸಾ(ಅ) ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ. ಅವರು ಕೇಳಲಿಲ್ಲ. ಇತ್ತ ಮೂಸಾ(ಅ) ದೀರ್ಘವಾದ ಅವಧಿಯನ್ನೇ ಪೂರ್ಣಗೊಳಿಸಿದರೆಂದು ಹ. ಇಬ್ನು ಅಬ್ಬಾಸ್(ರ) ತಿಳಿಸಿದ್ದನ್ನು ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಒಬ್ಬರು ಹೆಚ್ಚು ಕೇಳಲಿಲ್ಲ, ಇನ್ನೊಬ್ಬರು ಕಡಿಮೆ ಕೊಡಲಿಲ್ಲ. ಮಾಲೀಕ ಮತ್ತು ಬಾಡಿಗೆದಾರನ ನಡುವೆ ಇರಬೇಕಾದ ಸಂಬಂಧ ಇದು.

ನಿಯಮ ಒಂದು: ಅವಧಿಯ ನಡುವೆ ಏರಿಕೆ ಇಲ್ಲ

ಕರಾರುಗಳನ್ನು ಪಾಲಿಸಬೇಕೆಂಬ ಆಜ್ಞೆಯಿಂದಲೇ ಅಲ್ ಮಾಇದಾ ಅಧ್ಯಾಯ ಆರಂಭವಾಗುತ್ತದೆ. ಹಲಾಲನ್ನು ಹರಾಮ್ ಮಾಡುವ ಅಥವಾ ಹರಾಮನ್ನು ಹಲಾಲ್ ಮಾಡುವ ಶರತ್ತನ್ನು ಬಿಟ್ಟು ಉಳಿದ ಶರತ್ತುಗಳಿಗೆ ಮುಸ್ಲಿಮರು ಬದ್ಧರು ಎಂಬ ಅರ್ಥದ ಹದೀಸ್ ತಿರ್ಮಿದಿಯಲ್ಲಿದೆ.

ಒಂದು ಉದಾಹರಣೆ. ಗಂಗಾವತಿಯಲ್ಲಿ ಒಬ್ಬರು ತಿಂಗಳಿಗೆ ನಾಲ್ಕು ಸಾವಿರದಂತೆ ಹನ್ನೊಂದು ತಿಂಗಳಿಗೆ ಮನೆ ಕೊಟ್ಟರು ಎನ್ನಿ. ಐದನೆಯ ತಿಂಗಳಲ್ಲಿ ಪಕ್ಕದ ಮನೆಗೆ ಆರು ಸಾವಿರ ಬಂತು. ಈಗ ಇವರು “ಬರೋ ತಿಂಗಳಿಂದ ಐದು ಸಾವಿರ ಕೊಡ್ರಿ, ಇಲ್ಲಾಂದ್ರ ಮನಿ ಬಿಡ್ರಿ” ಎನ್ನಬಹುದೇ? ಇಲ್ಲ. ಹೊರಗಿನವನು ಹೆಚ್ಚು ಕೊಡಲು ಬಂದನೆಂಬ ಒಂದೇ ಕಾರಣಕ್ಕೆ ನಡೆಯುತ್ತಿರುವ ಇಜಾರಾ ಮುರಿಯುವುದಿಲ್ಲ. ತುರ್ಕಿಯ ಉಸ್ಮಾನಿ ಆಡಳಿತ ಹನಫೀ ಕರ್ಮಶಾಸ್ತ್ರದ ಆಧಾರದಲ್ಲಿ 1869ರಿಂದ 1876ರವರೆಗೆ ಸಿದ್ಧಪಡಿಸಿದ ‘ಮಜಲ್ಲಾ’ ಎಂಬ ಸಂಹಿತೆಯ 441ನೇ ಕಲಮು ಇದನ್ನೇ ಹೇಳುತ್ತದೆ. ಇದೇ ನ್ಯಾಯ ಬಾಡಿಗೆದಾರನಿಗೂ ಅನ್ವಯಿಸುತ್ತದೆ. ಐದನೆಯ ತಿಂಗಳಲ್ಲಿ ಪೇಟೆಯ ಬಾಡಿಗೆ ಇಳಿದರೆ, “ನಾನೂ ಕಡಿಮೆ ಕೊಡುತ್ತೇನೆ” ಎನ್ನುವ ಹಕ್ಕು ಅವನಿಗಿಲ್ಲ.

ನಿಯಮ ಎರಡು: ಅವಧಿಯ ಹೊಸ್ತಿಲಲ್ಲಿ ಕೇಳಬಹುದು

ಅವಧಿ ಮುಗಿದ ಮೇಲೆ ಪ್ರಯೋಜನ ಮತ್ತೆ ಮಾಲೀಕನ ಕೈಗೆ ಬರುತ್ತದೆ. ಹೊಸ ಅವಧಿಗೆ ಹೊಸ ಬಾಡಿಗೆ ಹೇಳುವ ಹಕ್ಕು ಅವನಿಗಿದೆ. ಶರೀಅತ್ ಶೇಕಡಾ ಇಷ್ಟೇ ಎಂದು ಗೆರೆ ಎಳೆದಿಲ್ಲ. ಮದೀನಾದಲ್ಲಿ ಒಮ್ಮೆ ಬೆಲೆಗಳು ಏರಿದಾಗ ಜನರು ಬಂದು ದರ ನಿಗದಿ ಮಾಡಿಕೊಡಿ ಎಂದು ಕೇಳಿದರು. ಬೆಲೆಗಳ ಏರಿಳಿತ ಅಲ್ಲಾಹನ ಕೈಯಲ್ಲಿದೆ, ಯಾರ ಪ್ರಾಣ ಅಥವಾ ಸೊತ್ತಿನ ವಿಷಯದಲ್ಲೂ ಅನ್ಯಾಯ ಮಾಡಿದ ಹೊರೆಯಿಲ್ಲದೆ ತಾವು ಅವನನ್ನು ಭೇಟಿಯಾಗಲು ಬಯಸುವುದಾಗಿ ಪ್ರವಾದಿವರ್ಯರು(ಸ) ಉತ್ತರಿಸಿದರು. ಇದನ್ನು ಹ. ಅನಸ್(ರ) ವರದಿ ಮಾಡಿದ್ದು, ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಮಾಲೀಕನೂ ಮನುಷ್ಯ. ಸಿಮೆಂಟಿನ ಬೆಲೆ, ಮನೆಗಂದಾಯ, ರಿಪೇರಿಯ ಕೂಲಿ ಎಲ್ಲ ಏರುವಾಗ ಬಾಡಿಗೆ ಮಾತ್ರ ಹತ್ತು ವರ್ಷ ಹಿಂದಿನದೇ ಇರಲಿ ಎನ್ನುವುದು ಅವನಿಗೆ ಅನ್ಯಾಯ. ವಿಧವೆಯೊಬ್ಬಳು ಎರಡು ಕೋಣೆಯ ಬಾಡಿಗೆಯಲ್ಲೇ ಬದುಕು ಸಾಗಿಸುವ ಮನೆಗಳು ನಮ್ಮ ಮಹಲ್ಲಾಗಳಲ್ಲಿ ಎಷ್ಟಿಲ್ಲ?

ಕರಾರು ಪತ್ರವಿಲ್ಲದೆ ತಿಂಗಳ ಲೆಕ್ಕದಲ್ಲಿ ನಡೆಯುವ ಬಾಡಿಗೆಯ ಗತಿಯೇನು? ಹನಫೀ ಮದ್‌ಹಬ್‌ನ ಪ್ರಕಾರ ಅದು ಪ್ರತಿ ತಿಂಗಳ ಆರಂಭದಲ್ಲಿ ಹೊಸದಾಗುತ್ತದೆ. ತಿಂಗಳ ಆರಂಭದಲ್ಲಿ ಮಾಲೀಕನು ಹೊಸ ಬಾಡಿಗೆ ಹೇಳಿ, ಒಪ್ಪಿಗೆಯಾದರೆ ಇರು, ಇಲ್ಲದಿದ್ದರೆ ಬಿಡು ಎಂದನೆನ್ನಿ. ಬಾಡಿಗೆದಾರ ಮಾತಾಡದೆ ಅಲ್ಲಿಯೇ ಉಳಿದರೆ ಅದು ಒಪ್ಪಿಗೆ. ಹೊಸ ಬಾಡಿಗೆ ಅವನ ಮೇಲೆ ಕಡ್ಡಾಯ. ಆದರೆ ಅವನು ಸ್ಪಷ್ಟವಾಗಿ ಒಪ್ಪುವುದಿಲ್ಲ ಎಂದು ಹೇಳಿ ಮುಂದುವರಿದರೆ ಹಳೆಯ ಬಾಡಿಗೆಯೇ ಲೆಕ್ಕ ಎಂದು ಮಜಲ್ಲಾದ 438ನೇ ಕಲಮು ಹೇಳುತ್ತದೆ. ಹಾಗೆಂದು ಒಪ್ಪದೆಯೇ ವರ್ಷಗಟ್ಟಲೆ ಉಳಿಯಬಹುದೆಂದು ಭಾವಿಸಬಾರದು. ಮಾಲೀಕನು ಮನೆ ಬಿಡಲು ಹೇಳಿದ ಮೇಲೆ ಬಿಡುವುದು ಬಾಡಿಗೆದಾರನ ಕರ್ತವ್ಯ. ಶಾಫಿಈ ಮದ್‌ಹಬ್‌ನಲ್ಲಂತೂ ಅವಧಿ ನಿಗದಿಯಾಗಿರಬೇಕೆಂಬ ಒತ್ತು ಇನ್ನೂ ಹೆಚ್ಚು. ಆದ್ದರಿಂದ ಯಾವ ಮದ್‌ಹಬ್‌ನವರಾದರೂ ಬರೆದುಕೊಳ್ಳುವುದು ಕ್ಷೇಮ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಅಲ್ ಬಕರಾ ಅಧ್ಯಾಯದ ದೀರ್ಘ ಸೂಕ್ತ ಕಲಿಸುತ್ತದೆ. ಆ ಶಿಸ್ತು ಬಾಡಿಗೆಗೂ ಒಳ್ಳೆಯದು.

ನೆಲದ ಕಾನೂನು

ಜನರ ಹಕ್ಕು ಕಾಪಾಡಲು ಬೇರೆ ದಾರಿಯಿಲ್ಲದಾಗ, ಬೆಲೆ ಮಿತಿಮೀರಿದರೆ ಆಡಳಿತಗಾರ ಮಧ್ಯೆ ಬರಬಹುದೆಂದು ಹನಫೀ ವಿದ್ವಾಂಸರು ಹೇಳಿದ್ದಾರೆ. ಆದ್ದರಿಂದ ಸರಕಾರದ ಬಾಡಿಗೆ ಕಾನೂನನ್ನು “ಅದು ನಮ್ಮದಲ್ಲ” ಎಂದು ತಳ್ಳಿಹಾಕುವುದು ಸರಿಯಲ್ಲ.

ನಮ್ಮ ರಾಜ್ಯದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಬದಲಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ವಾಸದ ಮನೆಗಳ ವಿಷಯದಲ್ಲಿ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂ., ಉಳಿದೆಡೆ 2,000 ರೂ. ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಇಂದು ಎರಡು ಸಾವಿರದೊಳಗೆ ಪಟ್ಟಣದಲ್ಲಿ ಮನೆ ಸಿಗುವುದು ಅಪರೂಪ. ಅಂದರೆ ಬಹುಪಾಲು ಬಾಡಿಗೆದಾರರಿಗೆ ಬಾಡಿಗೆಯ ಮಿತಿಯೆಂಬ ಕಾನೂನಿನ ಆಸರೆ ಇಲ್ಲ. ಅವರ ಕೈಯಲ್ಲಿರುವ ಕರಾರು ಪತ್ರವೇ ಅವರ ಆಸರೆ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾದ್ದರಿಂದ ಹನ್ನೊಂದು ತಿಂಗಳ ಪತ್ರ ರೂಢಿಯಲ್ಲಿದೆ. ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 1882ರ ಸೊತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಹದಿನೈದು ದಿನಗಳ ನೋಟೀಸು ಬೇಕು. ಕೇಂದ್ರ ಸರಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಏರಿಕೆಗೆ ಮೂರು ತಿಂಗಳ ಮೊದಲೇ ಬರಹದಲ್ಲಿ ತಿಳಿಸಬೇಕೆನ್ನುತ್ತದೆ. ವಾಸದ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದೂ ಹೇಳುತ್ತದೆ. ರಾಜ್ಯ ಒಪ್ಪಿ ಜಾರಿಗೊಳಿಸುವವರೆಗೆ ಮಾದರಿ ಕಾಯ್ದೆ ಕಾನೂನಾಗುವುದಿಲ್ಲ. ಆದರೆ ಕಾನೂನು ಹಿಡಿದು ಕೇಳುವ ಮೊದಲೇ ಇಷ್ಟನ್ನು ಪಾಲಿಸಲು ಸತ್ಯವಿಶ್ವಾಸಿಗೆ ಏನಡ್ಡಿ?

ಏರಿಕೆಯ ಅಪವಾದಗಳು

ಅವಧಿಯ ನಡುವೆ ಏರಿಕೆ ಇಲ್ಲವೆಂಬ ನಿಯಮಕ್ಕೂ, ಬಾಡಿಗೆ ಏರಿಸುವುದು ಮಾಲೀಕನ ಇಷ್ಟ ಎಂಬ ನಿಯಮಕ್ಕೂ ಕೆಲವು ಅಪವಾದಗಳಿವೆ.

ಮೊದಲನೆಯದು, ಮೊದಲೇ ಒಪ್ಪಿದ ಏರಿಕೆ. ಮೂರು ವರ್ಷದ ಕರಾರಿನಲ್ಲಿ ಪ್ರತಿ ವರ್ಷ ಶೇಕಡಾ ಐದು ಹೆಚ್ಚುವುದೆಂದು ಬರೆದಿದ್ದರೆ ಅದು ಸಿಂಧು. ನಾಲ್ಕು ಸಾವಿರಕ್ಕೆ ಎರಡನೆಯ ವರ್ಷ ಇನ್ನೂರು ಹೆಚ್ಚು ಎಂಬುದು ಇಬ್ಬರಿಗೂ ಮೊದಲ ದಿನವೇ ಗೊತ್ತು. ಆದರೆ “ಮಾಲೀಕರು ಹೇಳಿದಾಗ, ಹೇಳಿದಷ್ಟು ಏರಿಸಲಾಗುವುದು” ಎಂಬ ಶರತ್ತು ಅಜ್ಞಾತವಾದದ್ದು. ಇಂಥ ಅಸ್ಪಷ್ಟತೆ ಇಜಾರಾವನ್ನು ಕೆಡಿಸುತ್ತದೆ.

ಎರಡನೆಯದು, ಪರಸ್ಪರ ಸಂತೃಪ್ತಿ. ಮಾಲೀಕನು ಬೋರ್‌ವೆಲ್ ಹಾಕಿಸುತ್ತೇನೆ, ಇನ್ನೊಂದು ಕೋಣೆ ಕಟ್ಟಿಸಿಕೊಡುತ್ತೇನೆ ಎಂದು, ಬಾಡಿಗೆದಾರ ಮನಸಾರೆ ಒಪ್ಪಿ ಹೆಚ್ಚು ಕೊಟ್ಟರೆ ಅವಧಿಯ ನಡುವೆಯೂ ಅಡ್ಡಿಯಿಲ್ಲ. ಪರಸ್ಪರ ಒಪ್ಪಿಗೆಯ ವ್ಯಾಪಾರವಲ್ಲದೆ ಒಬ್ಬರ ಸೊತ್ತನ್ನು ಇನ್ನೊಬ್ಬರು ಅನ್ಯಾಯವಾಗಿ ಕಬಳಿಸಬಾರದೆಂದು ಅನ್ನಿಸಾ ಅಧ್ಯಾಯದ 29ನೇ ಸೂಕ್ತ ಎಚ್ಚರಿಸುತ್ತದೆ. ಹೊರಹಾಕುವ ಬೆದರಿಕೆಯಿಂದ ಹೊರಟ “ಆಯ್ತ್ರಿ” ಒಪ್ಪಿಗೆಯಲ್ಲ. ಸೋರುವ ಮಾಳಿಗೆ ರಿಪೇರಿ ಮಾಡಿಸಿ ಅದಕ್ಕೂ ಬಾಡಿಗೆ ಏರಿಸುವುದೂ ಸರಿಯಲ್ಲ. ಮನೆಯನ್ನು ವಾಸಯೋಗ್ಯವಾಗಿ ಇಡುವುದು ಮಾಲೀಕನದೇ ಹೊಣೆ.

ಮೂರನೆಯದು, ಏರಿಸಲೇಬೇಕಾದ ಬಾಡಿಗೆ. ಇದನ್ನು ನಮ್ಮ ಜನ ಮರೆತೇಬಿಟ್ಟಿದ್ದಾರೆ. ತನ್ನ ಸ್ವಂತ ಮನೆಯನ್ನು ಒಬ್ಬನು ಕಡಿಮೆಗೆ ಕೊಟ್ಟರೆ, ಪುಕ್ಕಟೆಯೇ ಕೊಟ್ಟರೆ, ಅದು ಅವನ ಔದಾರ್ಯ. ಆದರೆ ಯತೀಮ್ ಮಕ್ಕಳ ಮನೆಯನ್ನು ಅವರ ಪೋಷಕನೂ, ವಕ್ಫ್ ಮನೆಯನ್ನು ಮುತವಲ್ಲಿಯೂ ಪೇಟೆಯ ನ್ಯಾಯವಾದ ಬಾಡಿಗೆಗಿಂತ ತೀರಾ ಕಡಿಮೆಗೆ ಕೊಡುವ ಹಾಗಿಲ್ಲ. ಈ ನ್ಯಾಯವಾದ ಬಾಡಿಗೆಯನ್ನು ‘ಉಜ್ರತೆ ಮಿಸ್ಲ್’ ಎನ್ನುತ್ತಾರೆ. ಕಡಿಮೆಗೆ ಕೊಟ್ಟರೆ ಆ ಇಜಾರಾ ಅಸಿಂಧು. ಬಾಡಿಗೆದಾರನು ಪೂರ್ತಿ ನ್ಯಾಯವಾದ ಬಾಡಿಗೆಗೆ ಬಾಧ್ಯಸ್ಥ. ಇದೇ ಕಾರಣಕ್ಕೆ ಹನಫೀ ವಿದ್ವಾಂಸರು ವಕ್ಫ್ ಮನೆಗಳನ್ನು ಒಂದು ವರ್ಷಕ್ಕಿಂತ, ಜಮೀನನ್ನು ಮೂರು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಕೊಡಬಾರದೆಂದು ಫತ್ವಾ ನೀಡಿದರು. ದೀರ್ಘ ಅವಧಿಯಲ್ಲಿ ಬಾಡಿಗೆ ಹಿಂದುಳಿಯುತ್ತದೆ, ಇನ್ನೂ ಮುಂದೆ ಹೋದರೆ ಬಾಡಿಗೆದಾರನೇ ಮಾಲೀಕನಂತಾಗುತ್ತಾನೆ.

ಮಸೀದಿಯ ಮಳಿಗೆಗೆ, ವಕ್ಫ್ ಮನೆಗೆ ಅಜ್ಜನ ಕಾಲದ ಬಾಡಿಗೆ ಕೊಡುತ್ತಾ, ಅದೇ ಮಸೀದಿಯಲ್ಲಿ ಮೊದಲ ಸಫ್‌ನಲ್ಲಿ ನಿಲ್ಲುವ ಸಹೋದರರೇ, ಸ್ವಲ್ಪ ಯೋಚಿಸಿ. ಉಳಿಸಿದ ಆ ಹಣ ಯಾರದು? ಅದು ಇಮಾಮರ ಸಂಬಳದ್ದು, ಮದ್ರಸಾದ ಮಕ್ಕಳದ್ದು, ಬಡವರದ್ದು. ಯತೀಮರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ತಮ್ಮ ಹೊಟ್ಟೆಗೆ ತುಂಬಿಕೊಳ್ಳುವುದು ಬೆಂಕಿಯನ್ನು ಎಂದು ಅನ್ನಿಸಾ ಅಧ್ಯಾಯದ ಆರಂಭದ ಸೂಕ್ತಗಳಲ್ಲೇ ಎಚ್ಚರಿಕೆಯಿದೆ. ಕಮಿಟಿಯವರು ಬಾಡಿಗೆ ಏರಿಸುತ್ತೇವೆಂದಾಗ ವಕೀಲರ ಬಳಿ ಓಡುವ ಮೊದಲು ಆ ಸೂಕ್ತಗಳನ್ನು ಒಮ್ಮೆ ತೆರೆದು ಓದಿ.

ನಾಲ್ಕನೆಯದು, ಅವಧಿ ಮುಗಿದ ಮೇಲೂ ಬಿಡದೆ ಕೂತವನ ವಿಷಯ. ಒಪ್ಪಿಗೆಯಿಲ್ಲದೆ ಉಳಿದ ಅಷ್ಟು ದಿನಕ್ಕೆ ಅವನು ಪೇಟೆಯ ನ್ಯಾಯವಾದ ಬಾಡಿಗೆ ಕೊಡಬೇಕು. ಹಳೆಯ ಬಾಡಿಗೆಯನ್ನು ಮನಿಯಾರ್ಡರ್ ಮಾಡಿ ರಸೀದಿ ಇಟ್ಟುಕೊಂಡರೆ ಕೋರ್ಟಿನಲ್ಲಿ ದಿನ ದೂಡಬಹುದು. ಹಶ್ರ್‌ನ ದಿನ ಆ ರಸೀದಿ ಕೆಲಸಕ್ಕೆ ಬಾರದು.

ಇಳಿಕೆಯ ಅಪವಾದಗಳು

ಬಾಡಿಗೆ ಪ್ರಯೋಜನದ ಬೆಲೆ ಎಂದೆವು. ಪ್ರಯೋಜನ ನಿಂತರೆ ಬೆಲೆಯೂ ನಿಲ್ಲುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ವಿರೂಪಾಪುರಗಡ್ಡೆ ಸುತ್ತ ನೀರಾದಾಗ, ಅಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ರಕ್ಷಣಾ ಪಡೆಗಳು ಹೊರತರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಹೊಳೆದಂಡೆಯ ಊರುಗಳೆಲ್ಲ ಆತಂಕದಲ್ಲಿದ್ದವು. ಹೊಳೆಯ ಬದಿಯಲ್ಲಿ ಬದುಕುವ ನಮಗೆ ಈ ಮಸ್ಅಲಾ ಗೊತ್ತಿರಬೇಕು. ಮನೆಗೆ ನೀರು ನುಗ್ಗಿ ವಾಸ ಅಸಾಧ್ಯವಾದರೆ ಅಷ್ಟು ದಿನದ ಬಾಡಿಗೆ ಬಾಡಿಗೆದಾರನ ಮೇಲಿಲ್ಲ. ಮನೆಯೇ ಬಿದ್ದುಹೋದರೆ, ಸರಕಾರ ತೆರವುಗೊಳಿಸಿದರೆ, ಮುಂದಿನ ಬಾಡಿಗೆಯ ಮಾತೇ ಇಲ್ಲ. ಮೊದಲೇ ಪಡೆದ ಬಾಡಿಗೆಯಲ್ಲಿ ಉಳಿದ ದಿನಗಳದ್ದನ್ನು ಹಿಂದಿರುಗಿಸಬೇಕು. ಮುಂಗಡವನ್ನಂತೂ ಪೂರ್ತಿ ಕೊಡಬೇಕು, ಏಕೆಂದರೆ ಅದು ಮಾಲೀಕನ ಗಳಿಕೆಯಲ್ಲ, ಬಾಡಿಗೆದಾರನ ಹಣ. “ನನಗೂ ನಷ್ಟವಾಗಿದೆ” ಎಂಬುದು ನಿಜವಿರಬಹುದು. ಕಾಲಾವಕಾಶ ಕೇಳಲು ಅದು ಕಾರಣವಾದೀತು. ಸಾಲ ತಿನ್ನಲು ಕಾರಣವಾಗದು.

ಇದರೊಂದಿಗೆ ಇನ್ನೊಂದು ಮಾತೂ ಸೇರಿದೆ. ಸೊತ್ತಿನ ಮೇಲೆ ವ್ಯಾಜ್ಯವಿದ್ದರೆ, ತೆರವಿನ ನೋಟೀಸು ಬಂದಿದ್ದರೆ, ಅದನ್ನು ಬಚ್ಚಿಟ್ಟು ಬಾಡಿಗೆಗೆ ಕೊಡುವುದು ವಂಚನೆ. ವಂಚಿಸುವವನನ್ನು ಪ್ರವಾದಿವರ್ಯರು(ಸ) ತಮ್ಮ ಸಮುದಾಯದಿಂದಲೇ ಹೊರಗಿಟ್ಟು ಮಾತಾಡಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಸಂಕಷ್ಟದ ಕಾಲವೂ ಒಂದು ಅಪವಾದವೇ. ಲಾಕ್‌ಡೌನ್ ಆದಾಗ ಕೇಂದ್ರ ಗೃಹ ಸಚಿವಾಲಯ 2020ರ ಮಾರ್ಚ್ 29ರಂದು, ವಲಸೆ ಬಂದವರೂ ಸೇರಿದಂತೆ ಬಾಡಿಗೆಗಿರುವ ಕಾರ್ಮಿಕರಿಂದ ಒಂದು ತಿಂಗಳ ಮಟ್ಟಿಗೆ ಬಾಡಿಗೆ ಕೇಳಬಾರದೆಂದು ಆದೇಶಿಸಿತು. ಸಾಲಗಾರ ಇಕ್ಕಟ್ಟಿನಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂದು ಅಲ್ ಬಕರಾ ಅಧ್ಯಾಯದ 280ನೇ ಸೂಕ್ತ ಹದಿನಾಲ್ಕು ಶತಮಾನಗಳ ಹಿಂದೆಯೇ ತಿಳಿಸಿದೆ. ಬಾಕಿ ಬಾಡಿಗೆಯೂ ಸಾಲವೇ. ರೈಸ್‌ಮಿಲ್ಲಿನಲ್ಲಿ ಮೂಟೆ ಹೊರುವವನು ಬೆನ್ನು ಹಿಡಿದುಕೊಂಡು ಮಲಗಿದರೆ ಆ ತಿಂಗಳು ಅವನ ಬಾಗಿಲು ತಟ್ಟುವ ಮಾಲೀಕ ಈ ಸೂಕ್ತವನ್ನು ನೆನಪಿಸಿಕೊಳ್ಳಲಿ.

ಸೀಝನ್ ಬಂತು ಎಂದು

ಈಗ ಸಾಣಾಪುರ, ಆನೆಗೊಂದಿ, ಹನುಮನಹಳ್ಳಿಯ ಕಡೆ ಹೋಂಸ್ಟೇಗಳಿವೆ. ಚಳಿಗಾಲದ ತಿಂಗಳುಗಳಲ್ಲಿ ಪ್ರವಾಸಿಗರು ಹೆಚ್ಚು. ದಿನಕ್ಕೆ ಬರುವ ಹಣ ನೋಡಿದಾಗ, ತಿಂಗಳಿಗೆ ಒಮ್ಮೆ ಬರುವ ಬಾಡಿಗೆ ಚಿಕ್ಕದಾಗಿ ಕಾಣುವುದು ಸಹಜ. ಪ್ರವಾಸಿಗರಿಗೆ ಕೋಣೆ ಕೊಟ್ಟು ನ್ಯಾಯವಾಗಿ ಗಳಿಸುವುದು ಹಲಾಲ್. ಆದರೆ ಅದಕ್ಕಾಗಿ ಒಳಗಿರುವ ಕುಟುಂಬವನ್ನು ಹೇಗೆ ಹೊರಗೆ ಕಳಿಸುತ್ತೇವೆ ಎಂಬುದು ಪ್ರಶ್ನೆ. ಅವಧಿ ಮುಗಿದ ಮೇಲೆ, ಸಾಕಷ್ಟು ಮೊದಲೇ ತಿಳಿಸಿ ಮನೆ ಕೇಳಬಹುದು. ಅದನ್ನು ಬಿಟ್ಟು ನೀರಿನ ವಾಲ್ವ್ ಬಂದ್ ಮಾಡುವುದು, ಕರೆಂಟು ತೆಗೆಸುವುದು, “ಮಗನ ಮದುವಿ ಐತಿ, ಮನಿ ಬೇಕು” ಎಂದು ಸುಳ್ಳು ಹೇಳಿ ವಾರದೊಳಗೆ ಬೇರೆಯವರಿಗೆ ಹೆಚ್ಚಿನ ಬಾಡಿಗೆಗೆ ಕೊಡುವುದು, ಇವೆಲ್ಲ ಹರಾಮ್. ಯಾರೂ ಯಾರಿಗೂ ಹಾನಿ ಮಾಡಬಾರದೆಂಬುದು ಇಸ್ಲಾಮಿನ ಮೂಲ ನಿಯಮಗಳಲ್ಲೊಂದು.

ಹಜ್ಜ್‌ನ ದಿನಗಳಲ್ಲಿ ಮಕ್ಕಾದ ಮನೆಗಳಿಗೆ ಬಾಡಿಗೆ ಪಡೆಯುವುದನ್ನು ಇಮಾಮ್ ಅಬೂ ಹನೀಫಾ(ರ) ಮಕ್ರೂಹ್ ಎಂದು ಕಂಡರು. ಯಾತ್ರಿಕರನ್ನು ಮನೆಯಲ್ಲಿ ಇಳಿಸಿಕೊಳ್ಳಲಿ ಎಂಬುದು ಅವರ ಅಭಿಪ್ರಾಯ. ಮಕ್ಕಾದ ಹುಕುಮನ್ನು ಬೇರೆ ಊರಿಗೆ ಅನ್ವಯಿಸಲಾಗದು, ನಿಜ. ಆದರೆ ಅದರ ಹಿಂದಿನ ದೃಷ್ಟಿ ನಮಗೆ ಪಾಠ. ಬೇರೆ ದಾರಿಯಿಲ್ಲದವನ ಅನಿವಾರ್ಯತೆಯನ್ನೇ ಗಳಿಕೆಯ ಅವಕಾಶ ಮಾಡಿಕೊಳ್ಳುವುದು ಸತ್ಪುರುಷರ ದಾರಿಯಲ್ಲ.

ಬಾಡಿಗೆದಾರ ಯಾವ ಧರ್ಮದವನು ಎಂಬುದರಿಂದ ಈ ನಿಯಮಗಳು ಬದಲಾಗುವುದಿಲ್ಲ. ಹಿಜ್ರತ್‌ನ ಅಪಾಯದ ದಿನಗಳಲ್ಲಿ ಪ್ರವಾದಿವರ್ಯರು(ಸ) ಮತ್ತು ಹ. ಅಬೂಬಕರ್(ರ) ದಾರಿ ತೋರಿಸಲು ಬನೂ ದೀಲ್ ಗೋತ್ರದ ಮುಸ್ಲಿಮೇತರನೊಬ್ಬನನ್ನು ಕೂಲಿಗೆ ಗೊತ್ತು ಮಾಡಿದರು. ತಮ್ಮ ಒಂಟೆಗಳನ್ನು ಅವನ ಕೈಗೆ ಒಪ್ಪಿಸಿ, ಮೂರು ರಾತ್ರಿಗಳ ನಂತರ ಸೌರ್ ಗುಹೆಯ ಬಳಿ ಬರಲು ಹೇಳಿದರು. ಅವನು ಮಾತಿನಂತೆ ಬಂದ. ಇಮಾಮ್ ಬುಖಾರಿ ಈ ಘಟನೆಯನ್ನು ಇಜಾರಾದ ಅಧ್ಯಾಯದಲ್ಲೇ ಸೇರಿಸಿದ್ದಾರೆ. ಆ ಕರಾರಿನ ಎರಡೂ ಬದಿಯಲ್ಲಿ ಇದ್ದದ್ದು ನಂಬಿಕೆ.

ಎರಡು ಮರೆಮಾಚಿದ ಏರಿಕೆಗಳು

ಮುಂಗಡದ ಹಣದಿಂದ “ಸುಣ್ಣ ಬಣ್ಣದ ಖರ್ಚು” ಎಂದು ಕರಾರಿನಲ್ಲಿಲ್ಲದ ಮೊತ್ತವನ್ನು ಮುರಿದುಕೊಳ್ಳುವುದು ಒಂದು. ವಾಸದಿಂದ ಸಹಜವಾಗಿ ಆಗುವ ಸವಕಳಿ ಬಾಡಿಗೆಯಲ್ಲೇ ಸೇರಿದೆ. ಬಾಡಿಗೆದಾರ ಕೈಯಾರೆ ಕೆಡಿಸಿದ್ದಕ್ಕೆ ಮಾತ್ರ ಅವನು ಹೊಣೆ. ಕರೆಂಟು ಬಿಲ್ಲು ಐನೂರು ಬಂದರೆ ಏಳುನೂರು ವಸೂಲು ಮಾಡುವುದೂ ಇದೇ ಜಾತಿಯದು. ಅಳೆದು ಪಡೆಯುವಾಗ ಪೂರ್ತಿ ಪಡೆದು, ಕೊಡುವಾಗ ಕಡಿಮೆ ಕೊಡುವವರ ಬಗ್ಗೆ ಅಲ್ ಮುತಫ್ಫಿಫೀನ್ ಅಧ್ಯಾಯ ಏನು ಹೇಳಿದೆಯೆಂಬುದು ಎಲ್ಲರಿಗೂ ಗೊತ್ತು.

ಇನ್ನೊಂದು, ಭೋಗ್ಯ ಅಥವಾ ‘ಲೀಸ್’. ಲಕ್ಷಗಟ್ಟಲೆ ಹಣ ಕೊಟ್ಟು, ಬಾಡಿಗೆಯಿಲ್ಲದೆ ವಾಸಿಸಿ, ಹೋಗುವಾಗ ಪೂರ್ತಿ ಹಣ ಹಿಂದಕ್ಕೆ ಪಡೆಯುವುದು. ಆ ಹಣ ವಾಸ್ತವದಲ್ಲಿ ಸಾಲ. ಸಾಲದ ಬದಲಿಗೆ ಪಡೆಯುವ ಪುಕ್ಕಟೆ ವಾಸ ಬಡ್ಡಿಯ ಇನ್ನೊಂದು ರೂಪವೆಂದು ಉಲಮಾಗಳು ಎಚ್ಚರಿಸಿದ್ದಾರೆ. ದೊಡ್ಡ ಮುಂಗಡ ಕೊಟ್ಟು ಬಾಡಿಗೆಯನ್ನು ನೂರಿನ್ನೂರಕ್ಕೆ ಇಳಿಸಿಕೊಂಡರೆ ಹೆಸರು ಬದಲಾಯಿತೇ ಹೊರತು ಸಂಗತಿ ಬದಲಾಗಲಿಲ್ಲ.

ನ್ಯಾಯದ ಮೇಲೊಂದು ಮೆಟ್ಟಿಲು

ಬಂಧುಗಳೇ, ಇಷ್ಟು ಹೊತ್ತು ನೋಡಿದ್ದು ನ್ಯಾಯ. ಅಂದರೆ ಇದಕ್ಕಿಂತ ಕೆಳಗಿಳಿದರೆ ಪಾಪ ಎಂಬ ಗೆರೆ. ಅಲ್ಲಾಹನು ನಮಗೆ ನ್ಯಾಯದ ಜೊತೆಗೆ ‘ಇಹ್ಸಾನ್’ ಅಂದರೆ ಸೌಜನ್ಯವನ್ನೂ ಆದೇಶಿಸಿದ್ದಾನೆ. ಮಾರುವಾಗ, ಕೊಳ್ಳುವಾಗ, ಬಾಕಿ ಕೇಳುವಾಗ ಮೃದುವಾಗಿ ವರ್ತಿಸುವವನಿಗೆ ಅಲ್ಲಾಹನ ಕೃಪೆಯಿರಲೆಂದು ಪ್ರವಾದಿವರ್ಯರು(ಸ) ಪ್ರಾರ್ಥಿಸಿದ್ದನ್ನು ಹ. ಜಾಬಿರ್(ರ) ವರದಿ ಮಾಡಿದ್ದಾರೆ. ತಿಂಗಳ ಮೊದಲ ವಾರದಲ್ಲಿ ಆ ದುಆಗೆ ಅರ್ಹರಾಗುವ ಅವಕಾಶ ಮಾಲೀಕನಿಗೂ ಬಾಡಿಗೆದಾರನಿಗೂ ಇದೆ.

ಮನೆಯ ಮಾಲೀಕರೇ, ಏರಿಸುವ ಹಕ್ಕು ನಿಮಗಿದ್ದಾಗಲೂ ಒಂದೇ ಸಲ ಅರ್ಧಕ್ಕರ್ಧ ಏರಿಸಬೇಡಿ. ಎರಡು ಮೂರು ತಿಂಗಳು ಮೊದಲೇ ತಿಳಿಸಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಪರೀಕ್ಷೆ ಮುಗಿಯುವವರೆಗೆ ತಾಳಿ. ರಮ್‌ಝಾನ್‌ನಲ್ಲಿ ಯಾರನ್ನೂ ಸಾಮಾನು ಹೊರಿಸಿ ಬೀದಿಗೆ ಕಳಿಸಬೇಡಿ. ಕಾಲಕಾಲಕ್ಕೆ ಸರಿಯಾಗಿ ಕೊಟ್ಟು, ಮನೆಯನ್ನು ಶುಚಿಯಾಗಿಟ್ಟ ಬಡ ಕುಟುಂಬಕ್ಕೆ ಪೇಟೆಗಿಂತ ಇನ್ನೂರು ಮುನ್ನೂರು ಕಡಿಮೆ ಪಡೆದರೆ ಅದು ನಿಮ್ಮ ಸದಕಾದ ಖಾತೆಯಲ್ಲಿರುತ್ತದೆ.

ಬಾಡಿಗೆದಾರರೇ, ಹೇಳಿದ ದಿನಕ್ಕೆ ಬಾಡಿಗೆ ಮುಟ್ಟಿಸಿ. ಮಾಲೀಕನು ಸಜ್ಜನನೆಂದು ಅವನ ಸಜ್ಜನಿಕೆಯನ್ನೇ ತಿನ್ನಬೇಡಿ. ಕೈಯಲ್ಲಿ ಹಣವಿದ್ದೂ ಕೊಡಲು ಸತಾಯಿಸುವುದು ಅಕ್ರಮವೆಂದು ಹದೀಸಿನಲ್ಲಿದೆ. ಅವಧಿ ಮುಗಿದು, ನ್ಯಾಯವಾದ ಏರಿಕೆ ಕೇಳಿದಾಗ ಕೂತು ಮಾತಾಡಿ. ಆಗದಿದ್ದರೆ ಮರ್ಯಾದೆಯಿಂದ ಬಿಡಿ. ಮಾಲೀಕನಿಗೆ ತಿಳಿಸದೆ ಒಳಬಾಡಿಗೆಗೆ ಕೊಟ್ಟು ಲಾಭ ಮಾಡಿಕೊಳ್ಳಬೇಡಿ.

ಇಬ್ಬರಿಗೂ ಒಮ್ಮತವಾಗದಿದ್ದರೆ ಮಹಲ್ಲಾದ ಇಬ್ಬರು ತಿಳಿದ ಹಿರಿಯರನ್ನು ಕರೆಯಿರಿ. ಅದೇ ಬೀದಿಯ ನಾಲ್ಕು ಮನೆಗಳ ಬಾಡಿಗೆ ವಿಚಾರಿಸಿದರೆ ನ್ಯಾಯವಾದದ್ದು ಎಷ್ಟೆಂದು ತಾನಾಗಿ ಗೊತ್ತಾಗುತ್ತದೆ. ಜಮಾಅತ್ ಕಮಿಟಿಗಳು ಕನ್ನಡದಲ್ಲಿ ಒಂದು ಸರಳ ಕರಾರು ಪತ್ರದ ನಮೂನೆ ಅಚ್ಚು ಹಾಕಿಸಿ ಇಟ್ಟರೆ ಎಷ್ಟೋ ಮನೆಗಳ ಜಗಳ ತಪ್ಪೀತು. ಬಾಡಿಗೆ, ಅವಧಿ, ಏರಿಕೆಯ ಪ್ರಮಾಣ, ಮುಂಗಡ, ನೀರು ಮತ್ತು ಕರೆಂಟು, ಬಿಡುವ ಮುನ್ನ ಎಷ್ಟು ದಿನದ ಸೂಚನೆ: ಈ ಆರು ಸಾಲು ಬರೆದರೆ ಸಾಕು.

ನಾವೆಲ್ಲರೂ ಈ ಲೋಕದಲ್ಲಿ ಗೊತ್ತುಪಡಿಸಿದ ಅವಧಿಗೆ ಬಂದವರು. ಆ ಅವಧಿಯನ್ನು ಒಂದು ದಿನ ಹೆಚ್ಚಿಸಿಕೊಳ್ಳುವ ಅಧಿಕಾರ ನಮಗಿಲ್ಲ. ತೆರವಿನ ನೋಟೀಸು ಯಾವ ದಿನ ಬರುತ್ತದೆಂದು ತಿಳಿದೂ ಇಲ್ಲ. ಆ ದಿನ ಯಾರ ಮುಂಗಡವೂ ನಮ್ಮ ಕೊರಳಿಗೆ ತೂಗದಿರಲಿ, ಯಾರ ಬಾಕಿಯೂ ನಮ್ಮ ಮೇಲೆ ಇರದಿರಲಿ. ಕೊಡುವವರ ಕೈಗೂ ಪಡೆಯುವವರ ಕೈಗೂ ಅಲ್ಲಾಹನು ಬರಕತ್ ನೀಡಲಿ, ನಮ್ಮ ಮನೆಗಳನ್ನು ಹಲಾಲಿನಿಂದ ಬೆಳಗಿಸಲಿ, ಸೂರಿಲ್ಲದವರಿಗೆ ಸೂರು ಕರುಣಿಸಲಿ. ಆಮೀನ್.